ಗಾಲಿಯ ಮೇಲಿನ ಮಡಿಮನೆ

ಅತ್ಯಾ ಅವರಿಗೆ ಬದರಿ ನೋಡಬೇಕಾಗಿತ್ತು. ಅದೊಂದನ್ನು ಬಿಟ್ಟು ಬೇರೆ ಯಾವ ಆಸೆಯನ್ನೂ ಅವರ ಬಾಯಲ್ಲಿ ನಾನು ಕೇಳಿದವಳಲ್ಲ. ಒಳ್ಳೆಯ ಸೀರೆ, ನಾಲಿಗೆಗೆ ರುಚಿ, ಯಾರದೋ ಮದುವೆಗೆ ಹೋಗಿ ನಾಲ್ಕು ಜನರ ನಡುವೆ ಕೂತು ಬರುವುದು, ಯಾವುದೂ ಬೇಕಿರಲಿಲ್ಲ. ಬದರಿ ಬೇಕಿತ್ತು. ಅದೂ ಮಡಿಯಲ್ಲೇ ಬೇಕಿತ್ತು. ತೊಡಕು ಇದ್ದದ್ದು ಅಲ್ಲೇ.

ಅತ್ಯಾ ಎಂದರೆ ನನ್ನ ಗಂಡನ ಸೋದರತ್ತೆ. ಮದುವೆಯ ಅರಿಷಿಣ ಮಾಸುವ ಮೊದಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಕಲಬುರಗಿಯ ಬ್ರಹ್ಮಪುರದ ತವರುಮನೆಗೆ ಬಂದವರು ಆಮೇಲೆ ಹೊಸ್ತಿಲು ದಾಟಿದ್ದೇ ಕಡಿಮೆ. ನನ್ನ ಗಂಡನನ್ನು ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ ಆ ಕೂಸನ್ನು ಎತ್ತಿಕೊಂಡವರು ಇವರೇ. ಹೀಗಾಗಿ ನಮ್ಮವರ ಮನಸ್ಸಿನಲ್ಲಿ ಮೊದಲು ಅತ್ಯಾ, ಆಮೇಲೆ ರಿಪೇರಿಯ ಪಾನಾ ಪಕ್ಕಡ, ಅದಾದ ಮೇಲೆ ಜಾಗ ಉಳಿದಿದ್ದರೆ ನಾನು. ಅವರು ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ವರ್ಕ್‌ಶಾಪ್ ಕಲಿಸುತ್ತಿದ್ದರು. ನಾನು ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದೆ.

ಈಗಿನವರಿಗೆ ಮಡಿ ಎಂದರೆ ಹಬ್ಬದ ದಿನ ರೇಶ್ಮೆ ಸೀರೆ ಉಟ್ಟು ಓಡಾಡುವುದು. ಅತ್ಯಾ ಅವರದು ಅಂಥ ಮಡಿಯಲ್ಲ. ಬೆಳಗ್ಗೆ ಮೈಮೇಲೆ ನೀರು ಬಿದ್ದಾಗಿನಿಂದ ನೈವೇದ್ಯ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಅವರ ಕೊಡ, ಅವರ ಮಣೆ, ಸೂರಿನ ಗಳದ ಮೇಲೆ ಒಣಗುವ ಅವರ ಬಟ್ಟೆ, ಯಾವುದನ್ನೂ ಮುಟ್ಟುವಂತಿಲ್ಲ. ಕುಡಿಯುವ ನೀರನ್ನು ಅವರೇ ಬಾವಿಯಿಂದ ಸೇದಿಕೊಳ್ಳಬೇಕು. ನಳದ ನೀರು ಆಗದು, ಏಕೆಂದರೆ ನಳದೊಳಗೆ ಚರ್ಮದ ವಾಶರ್ ಇರುತ್ತದೆಂದು ಅವರ ಸಣ್ಣ ವಯಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಹೇಳಿಹೋಗಿದ್ದರು. ಅಷ್ಟು ಹೊತ್ತೂ ಮೌನ. ಹೊರಗಿನಿಂದ ಏನಾದರೂ ಕೇಳಿದರೆ ತಂಬಿಗೆಯನ್ನು ಕೊಡಕ್ಕೆ ಒಮ್ಮೆ ಬಡಿಯುವರು, ಅದು ಹೂಂ ಎಂದಂತೆ. ಜಪಕ್ಕೆ ಕೂತರೆ ಅದೂ ಇಲ್ಲ. ಸಂಜೆ ಮೌನವಿಲ್ಲದ ಹೊತ್ತಿನಲ್ಲಿ ನಾನು ಒಂದು ಲೋಟ ಹಾಲು ಹಿಡಿದು ಹೋದರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, "ಜಳಕ ಆಗ್ಯದೇನು?" ಮದುವೆಯಾಗಿ ಬಂದ ಹೊಸತರಲ್ಲಿ ಈ ಮಾತಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಇಡೀ ದಿನ ಮಕ್ಕಳ ಮೂಗು ಒರೆಸಿ ಮನೆಗೆ ಬಂದವಳು ಮತ್ತೆ ತಲೆಯ ಮೇಲೆ ನೀರು ಹಾಕಿಕೊಂಡು ಹಾಲು ಕೊಡಬೇಕಿತ್ತು. ವರ್ಷಗಳು ಹೋದಂತೆ ಉರಿ ಕಡಿಮೆಯಾಯಿತು, ಜಳಕ ಉಳಿಯಿತು.

ಎಂಬತ್ತರ ದಶಕದ ಕೊನೆಯ ಮಾತಿದು. ನಮ್ಮ ಓಣಿಯಿಂದ ಕೆಲವು ಹೆಂಗಸರು ರೈಲು ಹತ್ತಿ ಉತ್ತರದ ಯಾತ್ರೆ ಮುಗಿಸಿ ಬಂದರು. ಬಂದವರು ಒಬ್ಬೊಬ್ಬರಾಗಿ ಅತ್ಯಾ ಅವರ ಮುಂದೆ ಕೂತು ಹಿಮ, ನದಿ, ಗುಡಿ ಎಂದು ವರ್ಣಿಸಿದರು. ಅತ್ಯಾ ಕೇಳಿಸಿಕೊಂಡರು. ಬಂದವರು ಎದ್ದು ಹೋದ ಮೇಲೆ ನಮ್ಮವರು, "ನೀನೂ ಹೋಗಿ ಬಾ ಅತ್ಯಾ, ನಾ ಕರಕೊಂಡು ಹೋಗ್ತೀನಿ," ಎಂದರು.

"ರೈಲಿನಾಗ ನೀರು ಯಾರದು? ಧರ್ಮಶಾಲಾದಾಗ ಒಲಿ ಯಾರದು?" ಎಂದರು ಅತ್ಯಾ. "ಮಡಿ ಬಿಟ್ಟು ಬದರಿಗೆ ಹೋಗೋದಾದ್ರ ಇಲ್ಲೇ ಕೂತು ಕೈ ಮುಗೀತೀನಿ, ಬಿಡು."

"ಬಿಡಬ್ಯಾಡ. ನಿನ್ನ ಮಡಿಮನೀನೇ ಗಾಲಿ ಮ್ಯಾಲ ಇಡ್ತೀನಿ."

ನಾನು ತಮಾಷೆ ಎಂದುಕೊಂಡೆ. ನಮ್ಮವರು ತಮಾಷೆ ಮಾಡುವ ಪೈಕಿ ಅಲ್ಲ ಎಂಬುದು ಅಷ್ಟು ವರ್ಷ ಸಂಸಾರ ಮಾಡಿದ ಮೇಲೂ ನನಗೆ ನೆನಪಿರುತ್ತಿರಲಿಲ್ಲ. ಮುಂದಿನ ರವಿವಾರ ಸ್ಟೇಶನ್ ಬಜಾರದಿಂದ ಒಬ್ಬ ಡ್ರೈವರ್ ತನ್ನ ಸ್ವಂತ ಮ್ಯಾಟಡೋರ್ ವ್ಯಾನನ್ನು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದ. ಅದು ಹಿಂದೆ ಹಾಲು ಸಾಗಿಸುತ್ತಿದ್ದ ಗಾಡಿ. ಮುಂದೆ ಮೂವರು ಕೂರಬಹುದು, ಹಿಂದೆ ಕಿಟಕಿಯಿಲ್ಲದ ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಯೇ ಅತ್ಯಾ ಅವರ ಮನೆಯಾಗಬೇಕು, ಅದರಲ್ಲೇ ಸ್ನಾನ, ಜಪ, ಅಡಿಗೆ, ಮಲಗುವುದು.

ಕೆಲಸ ಶುರುವಾಯಿತು. ಪಾಲಿಟೆಕ್ನಿಕ್ ಮುಗಿಸಿ ಬಂದವರು ಚಹಾ ಕುಡಿಯುವುದನ್ನೂ ಮರೆತು ವ್ಯಾನಿನೊಳಗೆ ಹೊಕ್ಕರೆ ದೀಪ ಹಚ್ಚುವ ಹೊತ್ತಿಗೆ ಹೊರಗೆ ಬರುತ್ತಿದ್ದರು. ಒಳಗೆ ಹಲಗೆಯ ಮಂಚ, ದೇವರಿಗೊಂದು ಗೂಡು, ನೀರಿನ ಕೊಡಗಳಿಗೆ ಕಟ್ಟು, ಸೂರಿಗೆ ಮಡಿಬಟ್ಟೆಯ ಗಳ. ಮೂಲೆಯಲ್ಲಿ ಕೂತು ಮೀಯಲು ತಗಡು ಬಡಿದ ಜಾಗ. ಅದರ ಪಕ್ಕದಲ್ಲಿ ನಮ್ಮ ಬಚ್ಚಲಿನ ತಾಮ್ರದ ಬಂಬ. ಬಂಬವೆಂದರೆ ನಮ್ಮ ಕಡೆಯ ನೀರೊಲೆ, ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಕೆಳಗೆ ಕಟ್ಟಿಗೆ. ಕಟ್ಟಿಗೆಯ ಜಾಗದಲ್ಲಿ ನಮ್ಮವರು ಗ್ಯಾಸಿನ ಬರ್ನರ್ ಕೂರಿಸಿದರು. ಕೀಲುನೋವಿನ ಅತ್ಯಾ ತಣ್ಣೀರು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಬಂಬ ಉರಿದರೆ ನೀರಿಗೆ ನೀರೂ ಆಯಿತು, ಚಳಿಯ ಊರುಗಳಲ್ಲಿ ಆ ತಗಡಿನ ಪೆಟ್ಟಿಗೆ ಬೆಚ್ಚಗೂ ಇರುತ್ತದೆ ಎಂಬುದು ಅವರ ಲೆಕ್ಕ.

ಅತ್ಯಾ ಬಂದು ಪರೀಕ್ಷೆ ಮಾಡಿದರು. ಗ್ಯಾಸಿನ ನಳಿಕೆಯನ್ನು ದೂರದಿಂದಲೇ ತೋರಿಸಿ, "ಇದು ಯಾತರದು?" ಎಂದರು.

"ರಬ್ಬರ್ ಅತ್ಯಾ. ಗಿಡದ ಹಾಲು."

"ಒಳಗ ಚರ್ಮ ಏನರ ಅದನೋ?"

"ಒಂದು ಚೂರೂ ಇಲ್ಲ."

"ಗಿಡದ್ದಾದ್ರ ಆಗಲಿ," ಎಂದರು. "ಆದ್ರ ದೂಳು ಬರಬಾರದು ನೋಡು. ರಸ್ತೆದಾಗ ಏನೇನೋ ಬಿದ್ದಿರ್ತದ. ಅದೆಲ್ಲಾ ನನ್ನ ನೈವೇದ್ಯದ ಮ್ಯಾಲ ಕೂತ್ರ ಹೆಂಗ?"

ದೂಳು ಬರದಂತೆ ನಮ್ಮವರು ಬಾಗಿಲಿಗೆ ಸುತ್ತಲೂ ರಬ್ಬರ್ ಪಟ್ಟಿ ಬಡಿದರು. ಬಾಗಿಲು ಹಾಕಿದರೆ ಡಬ್ಬಿಯ ಮುಚ್ಚಳದಷ್ಟು ಬಿಗಿ. ಬಂಬದ ಹೊಗೆಗೊಳವೆಯನ್ನು ಮೇಲಕ್ಕೆ ತೆಗೆಯಬೇಕೆಂದಿದ್ದರು, ಡ್ರೈವರ್ ಒಪ್ಪಲಿಲ್ಲ. "ತಳಾ ಹಲಗೀದದ ಸಾಬ್, ಬೇಕಾದಷ್ಟು ಕೊರೀರಿ. ಟಪ್ಪಿಗಿ ಮಾತ್ರ ಹಾತ್ ಮತ್ ಲಗಾವ್, ಮಳಿಗಾಲದಾಗ ಸೋರ್ತದ," ಎಂದ. ಅವನ ಗಾಡಿ, ಅವನ ಮಾತು. ಹಾಗಾಗಿ ಎರಡೇ ದಾರಿ ಇಟ್ಟರು. ಮೇಲೆ ಪಕ್ಕದ ತಗಡಿನಲ್ಲಿ ಒಂದು ಕಿಂಡಿ, ಹೊಗೆ ಮತ್ತು ಉಗಿ ಹೋಗಲು. ಕೆಳಗೆ, ಮೀಯುವ ಜಾಗದ ಪಕ್ಕದ ನೆಲದ ಹಲಗೆಯಲ್ಲಿ ಅಂಗೈ ಅಗಲದ ತೂತು. ಗ್ಯಾಸ್ ಸೋರಿದರೆ ನೀರಿನಂತೆ ನೆಲಕ್ಕೇ ಇಳಿಯುತ್ತದೆ, ಆ ತೂತಿನಿಂದ ಹೊರಗೆ ಹೋಗಲಿ. ಉರಿಗೆ ಬೇಕಾದ ಗಾಳಿಯೂ ಅಲ್ಲಿಂದಲೇ ಬರಲಿ. ಇಲಿ ಬರಬಾರದೆಂದು ಅದಕ್ಕೆ ತಂತಿಯ ಜಾಳಿಗೆ ಹೊಡೆದರು. ಇಷ್ಟನ್ನೂ ನನಗೆ ಶಾಲೆಯ ಹುಡುಗಿಗೆ ಹೇಳುವಂತೆ ವಿವರಿಸಿ, ತಿಳಿಯಿತೇ ಎಂದು ಎರಡು ಸಲ ಕೇಳಿದರು. ಕೆಲಸದ ಖುಷಿಯಲ್ಲಿದ್ದಾಗ ಅವರು ಹಾಗೆಯೇ.

ಮೊದಲ ಸಲ ಮನೆಯ ಮುಂದೆಯೇ ಉರಿ ಹಚ್ಚಿದ್ದು. ಅತ್ಯಾ ಬುಟ್ಟಿಯಲ್ಲಿ ಮಡಿಬಟ್ಟೆ ಇಟ್ಟುಕೊಂಡು ಮೆಟ್ಟಿಲ ಬಳಿ ನಿಂತರು. ಹತ್ತುವ ಮೊದಲು ನನ್ನ ಕಡೆ ಬಾಗಿ, "ಕೆಳಗ ಯಾರರ ಇದ್ದಾರೇನು ನೋಡು," ಎಂದರು. ವ್ಯಾನಿನ ಅಡಿಯಲ್ಲಿ ಡ್ರೈವರೋ ನಮ್ಮವರೋ ಮಲಗಿ ಏನಾದರೂ ಬಿಗಿಯುತ್ತಿರುವುದು ಆಗ ದಿನದ ಮಾತಾಗಿತ್ತು. ನಾನು ಬಗ್ಗಿ ನೋಡಿ, "ಯಾರೂ ಇಲ್ರೀ," ಎಂದೆ. ಮನಸ್ಸಿನಲ್ಲಿ ನಕ್ಕೆ. ಹಲಗೆಯ ಕೆಳಗೆ ಮನುಷ್ಯ ಮಲಗಿದರೆ ಮೇಲಿನ ಮಡಿ ಕೆಡುತ್ತದೆಯೇ, ಇದು ಯಾವ ಶಾಸ್ತ್ರ ಎಂದುಕೊಂಡೆ.

ಅತ್ಯಾ ಒಳಗೆ ಹೋದರು, ಬಾಗಿಲು ಬಿತ್ತು, ಅಗುಳಿ ಬಿತ್ತು. ಬಂಬ ಉರಿಯುವ ಸದ್ದು ಹೊರಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಒಳಗೆ ಗ್ಯಾಸಿನ ಚಾವಿ ತಿರುವಿದ ಶಬ್ದ, ಆಮೇಲೆ ಅತ್ಯಾ ಬುಟ್ಟಿ ಹಿಡಿದು ಹೊರಗೆ ಬಂದರು. ಉರಿ ಆರಿದೆ ಎಂದು ಕೈಯಲ್ಲಿ ತೋರಿಸಿದರು. ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು.

ಸಂಜೆ ನಮ್ಮವರು ಒಳಗೆ ಹೋಗಿ ಕಡ್ಡಿ ಗೀರಿದರೆ ಉರಿ ನೀಲಿಯಾಗಿ ನಿಂತಿತು. ಬಾಗಿಲು ಹಾಕಿಕೊಂಡು ಕೂತರು. ನೀರು ಕುದಿದು ಬಂಬದ ಬಾಯಿಂದ ಉಗಿ ಬಂದರೂ ಆರಲಿಲ್ಲ. ಮರುದಿನ ಅತ್ಯಾ ಹೋದರೆ ಮತ್ತೆ ಆರಿತು. ನಮ್ಮವರು ಹೋದರೆ ಮತ್ತೆ ಉರಿಯಿತು. ಬಂಬದ ತಳಕ್ಕೆ ಮಸಿ ಹಿಡಿದಿತ್ತು. ಮಸಿ ಕಂಡವರು ಜೆಟ್ಟಿನಲ್ಲಿ ಕಸವಿದೆ ಎಂದು ಸೂಜಿ ಹಾಕಿ ಸ್ವಚ್ಛ ಮಾಡಿದರು. ಆಗಲಿಲ್ಲ. ಅಡಿಗೆಮನೆಯ ಒಲೆಯ ರೆಗ್ಯುಲೇಟರ್ ಬಿಚ್ಚಿಕೊಂಡು ಹೋಗಿ ಹಾಕಿದರು, ನಮಗೆ ಅವತ್ತು ಸೀಮೆಎಣ್ಣೆ ಸ್ಟೋವಿನ ಮೇಲೆ ಅನ್ನ. ಆಗಲಿಲ್ಲ. ನಳಿಕೆ ಮಡಚಿದೆ ಎಂದು ಹೊಸದು ತಂದರು. ಆಗಲಿಲ್ಲ. ಸಿಲಿಂಡರ್ ಬದಲಾಯಿಸಿದರು.

"ಗ್ಯಾಸಿಗೂ ಮಡಿ ಬಂದದ ನೋಡು," ಎಂದೆ ನಾನು. "ನೀವು ಮುಟ್ಟಿದ್ರ ಉರಿತದ, ಅತ್ಯಾ ಮುಟ್ಟಿದ್ರ ಆರ್ತದ. ಉಲ್ಟಾ ಮಡಿ."

ಅವರು ನಗಲಿಲ್ಲ. ಅವರಿಗೆ ಯಂತ್ರ ಕೈಕೊಟ್ಟರೆ ಮನುಷ್ಯ ಕೈಕೊಟ್ಟದ್ದಕ್ಕಿಂತ ಹೆಚ್ಚು ಅವಮಾನ. "ಅತ್ಯಾ, ನೀ ಒಳಗ ಏನರ ತಿರುವತೀ ಏನು?" ಎಂದು ಕೇಳಿದರು.

"ನೀ ಹೇಳಿದ್ದು ಬಿಟ್ಟು ನಾ ಯಾವುದಕ್ಕೂ ಕೈ ಹಚ್ಚಿಲ್ಲ," ಎಂದರು ಅತ್ಯಾ. ಅದು ನಿಜವೇ. ಯಂತ್ರಕ್ಕೆ ಅವರು ಕೈ ಹಚ್ಚಿರಲಿಲ್ಲ.

ತಲೆ ಗಿರ್ರೆನ್ನುವುದು ಹೆಚ್ಚಾಗುತ್ತಿತ್ತು. ಆದರೆ ಅದಕ್ಕೆ ನಮ್ಮ ಮನೆಯಲ್ಲಿ ಉತ್ತರ ಸಿದ್ಧವಿತ್ತು. ಏಕಾದಶಿಗೆ ನೀರೂ ಮುಟ್ಟದೆ ಇರುವ ಮುದುಕಿಗೆ ತಲೆ ತಿರುಗದೆ ಇನ್ನೇನು. ಡಾಕ್ಟರೂ ಅಶಕ್ತಿ ಎಂದೇ ಹೇಳಿ ಟಾನಿಕ್ ಬರೆದುಕೊಟ್ಟರು. ಟಾನಿಕ್ಕಿನಲ್ಲಿ ಏನಿರುತ್ತದೋ ಏನೋ ಎಂದು ಅತ್ಯಾ ಅದನ್ನು ತುಳಸಿಕಟ್ಟೆಯ ಪಕ್ಕ ಚೆಲ್ಲಿದರು. "ಪುರೇ ಆತಾ," ಎಂದರು ಮರಾಠಿಯಲ್ಲಿ, ಸಾಕಿನ್ನು ಎಂದು. ಸಿಟ್ಟು ಬಂದಾಗ ಅವರ ಬಾಯಲ್ಲಿ ಮರಾಠಿ ಬರುತ್ತಿತ್ತು. "ಬದರಿಗಿ ಹೋಗೋದು ಆಗ್ತದೋ ಇಲ್ಲೋ ಅಷ್ಟು ಹೇಳು."

"ಆಗ್ತದ," ಎಂದರು ನಮ್ಮವರು. ಅವತ್ತು ರಾತ್ರಿಯ ಊಟ ಬಿಟ್ಟರು.

ಚಳಿಗಾಲ ಬಂತು, ಗಾಳಿ ಎದ್ದಿತು. ಆಗ ಅವರಿಗೆ ಹೊಳೆಯಿತು. ಮೇಲಿನ ಕಿಂಡಿಯಿಂದ ಗಾಳಿ ನುಗ್ಗಿ ಉರಿಯನ್ನು ಆರಿಸುತ್ತಿದೆ, ತಾವು ಪರೀಕ್ಷೆ ಮಾಡಿದ್ದು ಸಂಜೆ, ಗಾಳಿ ಬಿದ್ದ ಮೇಲೆ, ಅತ್ಯಾ ಮೀಯುವುದು ಬೆಳಗ್ಗೆ, ಗಾಳಿಯಲ್ಲಿ. ಎಷ್ಟು ಸರಿಯಾಗಿ ಹೊಂದಿಕೊಂಡಿತೆಂದರೆ ನಾನೂ ಒಪ್ಪಿದೆ. ಕಿಂಡಿಗೆ ತಗಡಿನ ಮುಚ್ಚಳ ಮಾಡಿ ಬಿಗಿಯಾಗಿ ಹಾಕಿದರು. ಸಣ್ಣ ಬರ್ನರ್ ತೆಗೆದು, ಖಾನಾವಳಿಗಳಲ್ಲಿ ಇಡುವಂಥ ದೊಡ್ಡ ಬರ್ನರ್ ಕೂರಿಸಿದರು. ಬೆಳಗ್ಗೆ, ಗಾಳಿಯಲ್ಲೇ, ಬಾಗಿಲು ಹಾಕಿಕೊಂಡು ತಾವೇ ಒಳಗೆ ಕೂತರು. ಉರಿ ಆರಲಿಲ್ಲ. ಹೊರಗೆ ಬಂದವರ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಇತ್ತು. "ನಾಳೆ ಕಮಲಾಪುರತನಕ ಹೋಗಿ ಬರೋಣ. ಅಲ್ಲೇ ಜಳಕ, ಅಲ್ಲೇ ನೈವೇದ್ಯ. ಅಷ್ಟು ಸರಿ ಹೋಯ್ತಂದ್ರ ಬ್ಯಾಸಗಿಗಿ ಗುಡಿ ತೆರೆದ ಕೂಡಲೇ ಬದರಿ," ಎಂದರು.

ಅತ್ಯಾ ಅವತ್ತು ನನ್ನನ್ನು ಕರೆದು ತಮ್ಮ ಹಳೆಯ ಪೆಟ್ಟಿಗೆ ತೆಗೆಸಿದರು. ಒಂದು ಉಣ್ಣೆಯ ಧಾವಳಿ, ಗಂಗೆ ತುಂಬಲು ಒಂದು ತಾಮ್ರದ ಗಿಂಡಿ. ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಅವರು ಹಾಡು ಗುನುಗುವುದನ್ನು ನಾನು ಕೇಳಿದ್ದು ಅದೊಂದು ಸಲ.

ಬೆಳಗ್ಗೆ ಹೊರಟೆವು. ಮಹಾಗಾಂವ ದಾಟುವಾಗ ಎರಡೂ ಕಡೆ ಜೋಳ ತೆನೆ ಬಿಟ್ಟಿತ್ತು. ಕಮಲಾಪುರದ ಹತ್ತಿರ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಬೇವಿನ ಗಿಡದ ಕೆಳಗೆ ಡ್ರೈವರ್ ವ್ಯಾನ್ ನಿಲ್ಲಿಸಿದ. ದಾರಿಯಲ್ಲಿ ಏನೋ ಕಟಕಟ ಅನ್ನುತ್ತಿತ್ತೆಂದು ಸ್ಪ್ರಿಂಗಿನ ಪಾಟಾ ನೋಡಲು ಅಡಿಯಲ್ಲಿ ತೂರಿಕೊಂಡ. ನಮ್ಮವರು ಬಾಗಿಲು ತೆಗೆದು, ತಾವೇ ಬಂಬ ಹಚ್ಚಿಕೊಟ್ಟು, ನೈವೇದ್ಯಕ್ಕೆ ಕೆಂಪು ಬಾಳೆಹಣ್ಣು ತರುತ್ತೇನೆಂದು ತೋಟದ ಕಡೆ ಹೋದರು. ಕಮಲಾಪುರಕ್ಕೆ ಬಂದು ಆ ಹಣ್ಣಿಲ್ಲದೆ ದೇವರ ಮುಂದೆ ಕೂರಲಾದೀತೇ.

ಅತ್ಯಾ ಮೆಟ್ಟಿಲ ಬಳಿ ನಿಂತು ಎಂದಿನಂತೆ, "ಕೆಳಗ ಯಾರರ ಇದ್ದಾರೇನು ನೋಡು," ಎಂದರು.

"ಡ್ರೈವರ್ ಇದ್ದಾನ್ರೀ, ಪಾಟಾ ನೋಡಾಕತ್ತಾನ. ತಡೀರಿ, ಏಳು ಅಂತೀನಿ."

ಅವರು ಒಂದು ಗಳಿಗೆ ನಿಂತರು. "ಇರಲಿ ಬಿಡು. ಅವನ ಕೆಲಸ ಅವ ಮಾಡ್ಕೋತಾನ," ಎಂದು ಬುಟ್ಟಿ ಹಿಡಿದು ಹತ್ತಿದರು. ಬಾಗಿಲು ಬಿತ್ತು, ಅಗುಳಿ ಬಿತ್ತು.

ನೀರು ಹೊಯ್ದುಕೊಳ್ಳುವ ಸದ್ದು ಕೇಳಿತು. ಆಮೇಲೆ ನಿಂತಿತು. ಡ್ರೈವರ್ ಅಡಿಯಿಂದ ಎದ್ದು ಬಂದು ಕೈ ಒರೆಸಿಕೊಂಡು ಬೀಡಿ ಹಚ್ಚಲು ದೂರ ಹೋದ. ನಮ್ಮವರು ಹಣ್ಣಿನ ಚಿಪ್ಪು ಹಿಡಿದು ಬಂದರು.

"ಆತೇನು?"

"ಜಳಕ ಆಗ್ಯದ. ಜಪಕ್ಕ ಕೂತಿರಬೇಕು."

ಅವರು ತಗಡಿಗೆ ಕಿವಿ ಹಚ್ಚಿದರು. "ಬಾ ಇಲ್ಲಿ, ಕೇಳು," ಎಂದು ನನ್ನನ್ನೂ ಕರೆದರು. ಒಳಗೆ ಬರ್ನರ್ ಸುಂಯ್ ಎನ್ನುತ್ತಿತ್ತು. "ಆರಿಲ್ಲ ನೋಡು," ಎಂದರು. ಆ ಮುಖವನ್ನು ನಾನು ಮರೆಯಲಾರೆ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ. ನಾವಿಬ್ಬರೂ ಬೇವಿನ ನೆರಳಿನಲ್ಲಿ ಕೂತು ಬದರಿಯ ದಾರಿಯ ಮಾತಾಡಿದೆವು. ಎಲ್ಲೆಲ್ಲಿ ನೀರು ತುಂಬಿಕೊಳ್ಳಬೇಕು, ನನ್ನ ಶಾಲೆ ಶುರುವಾಗುವುದರೊಳಗೆ ತಿರುಗಿ ಬರಲಾದೀತೇ. ಒಳಗೆ ಬರ್ನರ್ ಉರಿಯುತ್ತಲೇ ಇತ್ತು.

ಬಿಸಿಲು ಏರಿತು. ಡ್ರೈವರ್ ಬಂದು, "ಮಾಂಜೀ ಭಾಳ ಹೊತ್ತು ಮಾಡಿದ್ರಲ್ಲಾ ಸಾಬ್," ಎಂದ. ನಾನು ಹೋಗಿ ಬಾಗಿಲು ತಟ್ಟಿ, "ಅತ್ಯಾ, ಹಣ್ಣು ಬಂದಾವರೀ," ಎಂದೆ. ತಂಬಿಗೆಯ ಸದ್ದಿಲ್ಲ. ಜಪದಲ್ಲಿದ್ದಾರೆ ಎಂದುಕೊಂಡೆವು. ಇನ್ನೂ ಸ್ವಲ್ಪ ಕಾದೆವು. ಮತ್ತೆ ತಟ್ಟಿದೆ. "ಬಾಗಲ ಒಡೀರಿ," ಎಂದೆ.

ಜ್ಯಾಕಿನ ರಾಡು ಕೈಯಲ್ಲಿ ಹಿಡಿದುಕೊಂಡ ನಮ್ಮವರು ಬಾಗಿಲ ಮುಂದೆ ನಿಂತುಬಿಟ್ಟರು. "ಮಡೀಲಿದ್ದಾಳ. ಮುಟ್ಟಿದ್ರ ಮತ್ತ ಜಳಕ ಆಗಬೇಕು. ನೀರು ಅಷ್ಟು ಇಲ್ಲ," ಎಂದರು. ನೀರಿನ ಚಿಂತೆ. ಒಳಗೆ ಪ್ರಾಣ ಹೋಗುತ್ತಿರುವಾಗ ಎರಡನೆಯ ಜಳಕದ ನೀರಿನ ಚಿಂತೆ. ಅವರ ಮೇಲೆ ನನಗೆ ಇಂದಿಗೂ ಸಿಟ್ಟು ಬರುವುದು ಆ ಒಂದು ಗಳಿಗೆಗೆ, ಮತ್ತು ಆ ಗಳಿಗೆಯಲ್ಲಿ ಅವರು ಅತ್ಯಾ ಬೆಳೆಸಿದಂತೆಯೇ ನಡೆದುಕೊಂಡರು ಎಂಬುದಕ್ಕೆ. ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ರಾಡು ಬಿತ್ತು, ಅಗುಳಿ ಕಿತ್ತು ಬಂತು.

ಉರಿ ಆರಿರಲಿಲ್ಲ. ಹಳದಿಯಾಗಿ, ಉದ್ದುದ್ದ ನಾಲಿಗೆ ಚಾಚಿ ಉರಿಯುತ್ತಿತ್ತು. ಅತ್ಯಾ ಮಡಿಸೀರೆ ಉಟ್ಟು, ಜಪದ ಮಣೆಯಿಂದ ಒಂದು ಕಡೆ ವಾಲಿ ಬಿದ್ದಿದ್ದರು. ಉಸಿರಿತ್ತು. ಅವರನ್ನು ಹೊರಗೆ ತಂದು ಗಾಳಿಗೆ ಮಲಗಿಸಿ, ಧಾವಳಿ ಹೊದಿಸಿ, ಮುಂದಿನ ಸೀಟಿನಲ್ಲಿ ನಮ್ಮವರ ತೊಡೆಯ ಮೇಲೆ ತಲೆ ಇಟ್ಟು ಕಲಬುರಗಿಯ ಕಡೆ ಹೊರಟೆವು. ಡ್ರೈವರ್ ಓಡಿಸಿದ ಹಾಗೆ ಆ ಗಾಡಿ ಹಿಂದೆಂದೂ ಓಡಿರಲಾರದು.

ಮಹಾಗಾಂವದ ಬಳಿ ಅತ್ಯಾ ಕಣ್ಣು ಬಿಟ್ಟರು. ತುಟಿ ಒಣಗಿತ್ತು. ನನ್ನ ಬಳಿ ಇದ್ದದ್ದು ಡ್ರೈವರಿನ ನೀರಿನ ಕ್ಯಾನು. ಮುಚ್ಚಳದಲ್ಲಿ ಸ್ವಲ್ಪ ಹಾಕಿ ಬಾಯಿಯ ಬಳಿ ಹಿಡಿದೆ. ಅವರು ನನ್ನನ್ನು ನೋಡಿದರು. ದನಿ ಇರಲಿಲ್ಲ, ಉಸಿರಿನಲ್ಲೇ ಕೇಳಿದರು, "ಜಳಕ ಆಗ್ಯದೇನು?"

"ಆಗ್ಯದ್ರೀ," ಎಂದೆ. "ಮಡೀಲೇ ಇದ್ದೀನಿ. ನಿಮ್ಮ ಕೊಡದ್ದೇ ನೀರು."

ಎರಡು ಗುಟುಕು ಕುಡಿದರು. ಆ ಸುಳ್ಳಿಗೆ ನನಗೆ ಪಾಪ ಬರುವುದಿದ್ದರೆ ಬರಲಿ, ಕೇಳಿದರೆ ಇನ್ನೊಮ್ಮೆ ಅದನ್ನೇ ಹೇಳುತ್ತೇನೆ. ಊರಿನ ನೀರಿನ ಟಾಕಿ ಕಾಣುವ ಹೊತ್ತಿಗೆ ನಮ್ಮವರು ಅವರ ಮೂಗಿನ ಬಳಿ ಬೆರಳು ಹಿಡಿದು, ನನ್ನ ಕಡೆ ನೋಡಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹಿಡಿದು ನೋಡಿ, ಒಳಗೆ ಏನು ಉರಿಯುತ್ತಿತ್ತು, ಗಾಳಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರು. ನಮ್ಮವರು ಕಿಂಡಿಯ ಮುಚ್ಚಳದ ವಿಷಯ ಹೇಳಿದರು. ಕೆಟ್ಟ ಹೊಗೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದರು ಡಾಕ್ಟರು.

ಮನೆಗೆ ತಂದು ಮಲಗಿಸಿದಾಗ ಅತ್ಯಾ ಅವರ ಮುಖ ಕೆಂಪಗಿತ್ತು, ಬದುಕಿದ್ದಾಗ ಎಂದೂ ಇಲ್ಲದಷ್ಟು. ಆ ಹೊಗೆ ಕುಡಿದವರ ಮೈ ಹಾಗೆಯೇ ಆಗುತ್ತದೆಂದು ಡಾಕ್ಟರು ಹೇಳಿದ್ದರು. ಬಂದ ನೆಂಟರಿಗೆ ಅದು ಗೊತ್ತಿರಲಿಲ್ಲ. "ಏನ್ ತೇಜಸ್ಸು ಮುಖದ ಮ್ಯಾಲ. ಮಡಿಯೊಳಗ, ಜಪದೊಳಗ, ಬದರಿ ದಾರಿಯೊಳಗ ಹೋಗ್ಯಾಳ. ಯಾರಿಗದ ಇಂಥಾ ಪುಣ್ಯ," ಎಂದು ಒಬ್ಬರ ಹಿಂದೆ ಒಬ್ಬರು ಹೇಳಿ ಕಣ್ಣೊರೆಸಿಕೊಂಡರು. ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಲ್ಲಿ ತುರುಕಿಕೊಂಡು ಅತ್ತೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ನಮ್ಮವರು ಮಾತು ಬಿಟ್ಟರು. ಮುಚ್ಚಳ ಹಾಕಿದ ಕೈ ತಮ್ಮದು, ಅಷ್ಟೇ ಅವರ ತಲೆಯಲ್ಲಿದ್ದದ್ದು. ಆದರೆ ಅದೇ ಮುಚ್ಚಳ ಹಾಕಿಕೊಂಡು ಅವರೂ ಒಳಗೆ ಕೂತಿದ್ದರಲ್ಲ, ಅವರಿಗೆ ಏನೂ ಆಗಿರಲಿಲ್ಲವಲ್ಲ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ವ್ಯಾನ್ ನಮ್ಮ ಮನೆಯ ಮುಂದೆಯೇ ನಿಂತಿತ್ತು. ಕರ್ಮಗಳು ಮುಗಿಯುವವರೆಗೆ ಬಾಡಿಗೆಗೆ ಒಯ್ಯುವುದಿಲ್ಲ ಎಂದು ಡ್ರೈವರ್ ತಾನೇ ಹೇಳಿದ್ದ. ಅದರೊಳಗೆ ಕಾಲಿಡಲು ಯಾರಿಗೂ ಮನಸ್ಸಿರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಅತ್ಯಾ ಅವರ ಪಾತ್ರೆಗಳನ್ನು ತರಲು ನಾನೇ ಹೋದೆ. ಕೊಡ, ತಂಬಿಗೆ, ತಿಕ್ಕಿಟ್ಟ ಗಿಂಡಿ. ಬಾಳೆಹಣ್ಣು ಕಪ್ಪಾಗಿ ಕೊಳೆತಿತ್ತು. ಮೀಯುವ ಮಣೆ ಸರಿಸಿದರೆ ಅದರ ಹಿಂದೆ ನೆಲದ ತೂತು ಕಾಣಲಿಲ್ಲ. ಅದರ ಬಾಯಿಗೆ ಹಳೆಯ ಕೆಂಪು ಸೀರೆಯ ತುಂಡನ್ನು ಮಡಿಸಿ ಮಡಿಸಿ ತುರುಕಿದ್ದರು. ಒದ್ದೆಯಾಗಿದ್ದಾಗ ತುರುಕಿದ್ದು, ಈಗ ಒಣಗಿ ಕಟ್ಟಿಗೆಯಾಗಿತ್ತು. ಎರಡೂ ಕೈ ಹಾಕಿ ಎಳೆಯಬೇಕಾಯಿತು.

ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತೆ. ಎಲ್ಲ ಒಟ್ಟಿಗೇ ತಿಳಿಯಿತು. ಒಳಗೆ ಹೋದಾಗಲೆಲ್ಲ ಅವರು ತೂತು ಮುಚ್ಚುತ್ತಿದ್ದರು. ಹೊರಗೆ ಬರುವಾಗ, ಮಡಿಬಟ್ಟೆಯನ್ನು ಬೇರೆಯವರು ಮುಟ್ಟಬಾರದೆಂದು, ಅದನ್ನೂ ಬುಟ್ಟಿಗೆ ಹಾಕಿಕೊಂಡೇ ಇಳಿಯುತ್ತಿದ್ದರು. ನಮ್ಮವರು ಒಳಗೆ ಹೋಗುವ ಹೊತ್ತಿಗೆ ತೂತು ತೆರೆದಿರುತ್ತಿತ್ತು, ಉರಿ ನೀಲಿಯಾಗಿ ನಿಲ್ಲುತ್ತಿತ್ತು. ಅಷ್ಟು ದಿನ ಉರಿ ತಾನಾಗಿ ಆರಿ ಅವರನ್ನು ಹೊರಗೆ ಕಳಿಸುತ್ತಿತ್ತು. ಆರದಂಥ ಉರಿಯನ್ನು ನಾವು ಮಾಡಿಕೊಟ್ಟೆವು.

ನಮ್ಮವರ ಮುಂದೆ ಹೋಗಿ ಆ ಬಟ್ಟೆಯನ್ನು ಇಟ್ಟೆ.

"ಎಲ್ಲಿತ್ತು ಇದು?"

"ನೆಲದ ತೂತಿನಾಗ. ಗಟ್ಟಿ ತುರುಕಿದ್ರು."

ಗಟ್ಟಿಯಾದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದರು. "ದೂಳಿಗೇನು? ದೂಳು ಬರ್ತದಂತ ನನಗ ಹೇಳಿದ್ರ ಬ್ಯಾರೆ ಕಡೆ ಕೊರೀತಿದ್ದೆ. ಯಾಕ ಹೇಳಲಿಲ್ಲ ಆಕಿ?"

"ದೂಳಿಗಲ್ಲರೀ," ಎಂದೆ. "ಹತ್ತೂ ಮೊದಲ ಪ್ರತಿ ಸಲ ನನ್ನ ಕೇಳ್ತಿದ್ರು. ಕೆಳಗ ಯಾರರ ಇದ್ದಾರೇನು ನೋಡು ಅಂತ. ಕಮಲಾಪುರದಾಗೂ ಕೇಳಿದ್ರು. ಅವತ್ತು ಡ್ರೈವರ್ ಇದ್ದ."

ಅವರು ನನ್ನ ಮುಖ ನೋಡಿದರು. ಎದ್ದು ವ್ಯಾನಿನ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ಮೆಟ್ಟಿಲ ಬಳಿ ನಿಂತು, "ನೀ ಒಳಗ ಹೋಗು. ಬಾಗಲಾ ಮುಂದ ಮಾಡಿಕೊಂಡು ಆಕಿ ಮಣಿ ಮ್ಯಾಲ ಕೂಡು," ಎಂದರು.

ನಾನು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಅತ್ಯಾ ಮೀಯುತ್ತಿದ್ದ ಮಣೆಯ ಮೇಲೆ ಕೂತೆ. ಅಡಿಯಲ್ಲಿ ಮಣ್ಣಿನ ಮೇಲೆ ಅಂಗಿ ಉಜ್ಜುವ ಸದ್ದಾಯಿತು. ಅವರು ತೆವಳಿ ಬಂದು ಬೆನ್ನ ಮೇಲೆ ಮಲಗಿದ್ದು ತಿಳಿಯಿತು. ಅಷ್ಟು ತಿಂಗಳು ಆ ಪೆಟ್ಟಿಗೆಯ ಒಂದೊಂದು ಮೊಳೆಯನ್ನೂ ಮುಟ್ಟಿ ನೋಡಿದವರು ಆ ತೂತಿನೊಳಗೆ ಕೆಳಗಿನಿಂದ ಕಣ್ಣು ಹಾಯಿಸಿದ್ದು ಅದೇ ಮೊದಲು.

ಆಮೇಲೆ ಹಲಗೆಯ ಕೆಳಗಿನಿಂದ ಅವರ ದನಿ ಬಂತು.

"ಎಲ್ಲಾ ಕಾಣಸ್ತದ," ಎಂದರು.

ನಾನು ಸೀರೆಯನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡೆ. ಕೆಳಗಿದ್ದವರು ನನ್ನ ಗಂಡನೇ ಆಗಿದ್ದರು.